ದಿವಾಳಿ ಅರ್ಜಿಗೆ ಮುಂಚಿನ ತಿಂಗಳುಗಳು: ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಸಾಲ ಕೈಮೀರಿದಾಗ

ಅಮೆರಿಕದಲ್ಲಿ ಕ್ರೆಡಿಟ್ ಕಾರ್ಡ್ ಸಾಲ ತೀರಿಸಲಾಗದೆ ದಿವಾಳಿ ಅರ್ಜಿ ಹಾಕಲು ಹೊರಟವರಿಗೆ ದೊಡ್ಡ ನಷ್ಟ ಆಗುವುದು ಬಹಳ ಸಲ ಅರ್ಜಿಗೆ ಮುಂಚಿನ ಕೆಲವು ತಿಂಗಳುಗಳಲ್ಲಿ. ಹೆದರಿಕೆ, ಮರ್ಯಾದೆಯ ಚಿಂತೆ, ಹೇಗಾದರೂ ತೀರಿಸಿಬಿಡೋಣ ಎನ್ನುವ ಹಟ ಎಲ್ಲ ಸೇರಿ ಕೈ ಹಾಕಬಾರದ ಕಡೆ ಕೈ ಹಾಕಿಸುತ್ತವೆ. ನಿವೃತ್ತಿಗೆಂದು ಕೂಡಿಟ್ಟ ಹಣ ತೆಗೆಯುತ್ತಾರೆ. ಮನೆಯ ಮೇಲೆ ಸಾಲ ಎತ್ತುತ್ತಾರೆ. ಅಣ್ಣನ ಕೈಸಾಲ ಮೊದಲು ತೀರಿಸುತ್ತಾರೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಕೆಲಸಗಳೇ ಕೋರ್ಟಿನ ಮುಂದೆ ಹೋದಾಗ ಕಾಲಿಗೆ ತೊಡರುತ್ತವೆ. ಅಲ್ಲಿ ನೆಲೆಸಿದ ಕನ್ನಡಿಗರಿಗೂ, ಅಲ್ಲಿರುವ ಮಕ್ಕಳ ಬಗ್ಗೆ ಊರಲ್ಲಿ ಕೂತು ಚಿಂತೆ ಮಾಡುವವರಿಗೂ ಇದು ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕಾರ್ಡಿನ ಬಿಲ್ ತೆಗೆದು ನೋಡಿ. 2009ರ ಕಾರ್ಡ್ ಆಕ್ಟ್ ಬಂದ ಮೇಲೆ ಪ್ರತಿ ತಿಂಗಳ ಬಿಲ್ಲಿನಲ್ಲೂ ಒಂದು ಚಿಕ್ಕ ಕೋಷ್ಟಕ ಇರುತ್ತದೆ. ಬರೀ ಮಿನಿಮಂ ಕಟ್ಟುತ್ತಾ ಹೋದರೆ ಸಾಲ ತೀರಲು ಎಷ್ಟು ವರ್ಷ ಬೇಕು, ಒಟ್ಟು ಎಷ್ಟು ಹಣ ಕಟ್ಟಿದಂತಾಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಅದರ ಕೆಳಗಿನ ಸಾಲಿನಲ್ಲಿ, ಮೂರು ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಎಷ್ಟು ಎಂಬ ಲೆಕ್ಕ ಇರುತ್ತದೆ. ಬಹಳ ಜನ ಆ ಕೋಷ್ಟಕವನ್ನು ಓದುವುದೇ ಇಲ್ಲ. ಓದಲು ಧೈರ್ಯ ಸಾಲುವುದಿಲ್ಲ ಎಂದರೂ ಸರಿಯೇ. ಆದರೆ ನಿಮ್ಮ ಪರಿಸ್ಥಿತಿಯನ್ನು ಅಷ್ಟು ನೇರವಾಗಿ ಹೇಳುವ ಕಾಗದ ಬೇರೆ ಇಲ್ಲ.

ಒಂದು ಲೆಕ್ಕ ನೋಡೋಣ. ಕಾರ್ಡಿನಲ್ಲಿ 20,000 ಡಾಲರ್ ಸಾಲ ಇದೆ, ಬಡ್ಡಿ ವರ್ಷಕ್ಕೆ ಶೇ. 24. ತಿಂಗಳ ಬಡ್ಡಿಯೇ ಸುಮಾರು 400 ಡಾಲರ್. ನೀವು ಕಷ್ಟಪಟ್ಟು 600 ಕಟ್ಟಿದರೂ ಅಸಲಿಗೆ ಹೋಗುವುದು 200 ಮಾತ್ರ. ಆ ತಿಂಗಳು ದಿನಸಿಗೆ ಅದೇ ಕಾರ್ಡನ್ನು 200 ಡಾಲರಿಗೆ ಉಜ್ಜಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತು. ಇದೇ ಸಾಲವನ್ನು ಮೂರು ವರ್ಷದಲ್ಲಿ ಮುಗಿಸಲು ತಿಂಗಳಿಗೆ ಸುಮಾರು 785 ಡಾಲರ್ ಬೇಕು. ನಿಮ್ಮ ಎಲ್ಲ ಕಾರ್ಡುಗಳ ಆ ಮೂರು ವರ್ಷದ ಅಂಕಿಗಳನ್ನು ಕೂಡಿಸಿ. ಬಾಡಿಗೆ, ಊಟ, ಕಾರು, ವಿಮೆ, ಮಕ್ಕಳ ಖರ್ಚು ಕಳೆದು ಅಷ್ಟು ಹಣ ಉಳಿಯುತ್ತದಾ? ಉಳಿಯುತ್ತದೆ ಎಂದಾದರೆ ದಿವಾಳಿಯ ಮಾತು ಬೇಡ. ಲಾಭದ ಉದ್ದೇಶವಿಲ್ಲದ ಕ್ರೆಡಿಟ್ ಕೌನ್ಸೆಲಿಂಗ್ ಸಂಸ್ಥೆಗಳು ಬ್ಯಾಂಕುಗಳ ಜೊತೆ ಮಾತಾಡಿ ಬಡ್ಡಿ ಇಳಿಸಿ, ಮೂರರಿಂದ ಐದು ವರ್ಷದಲ್ಲಿ ತೀರಿಸುವ ಕಂತು ಹಾಕಿಸಿಕೊಡುತ್ತವೆ. ಅದು ಮೊದಲ ದಾರಿ. ಅದರ ಹತ್ತಿರಕ್ಕೂ ಹೋಗಲು ಆಗದಿದ್ದರೆ ಮುಂದಿನದನ್ನು ಓದಿ.

ದಿವಾಳಿ ಕಾನೂನು ಮಾಡುವುದೇನು?

ಕ್ರೆಡಿಟ್ ಕಾರ್ಡ್ ಸಾಲಕ್ಕೆ ಸಾಮಾನ್ಯವಾಗಿ ಯಾವ ಅಡಮಾನವೂ ಇರುವುದಿಲ್ಲ. ಮನೆ ಸಾಲ ಕಟ್ಟದಿದ್ದರೆ ಮನೆ ಹೋಗುತ್ತದೆ, ಕಾರಿನ ಸಾಲ ಕಟ್ಟದಿದ್ದರೆ ಕಾರು ಹೋಗುತ್ತದೆ. ಕಾರ್ಡ್ ಸಾಲಕ್ಕೆ ಹಾಗೆ ಎಳೆದುಕೊಂಡು ಹೋಗಲು ಏನೂ ಇಲ್ಲ. ಬ್ಯಾಂಕು ಮೊಕದ್ದಮೆ ಹೂಡಿ ಗೆಲ್ಲಬೇಕು, ಆಮೇಲೆ ವಸೂಲಿ. (ಒಡವೆ ಅಂಗಡಿ, ಪೀಠೋಪಕರಣದ ಅಂಗಡಿಗಳ ಕೆಲವು ಕಾರ್ಡುಗಳಲ್ಲಿ ಮಾತ್ರ ಕೊಂಡ ವಸ್ತುವಿನ ಮೇಲೇ ಹಕ್ಕು ಬರೆಸಿಕೊಂಡಿರುತ್ತಾರೆ. ಒಪ್ಪಂದದ ಕಾಗದ ನೋಡಿಕೊಳ್ಳಿ.) ಹಾಗಾಗಿಯೇ ದಿವಾಳಿ ಕೋರ್ಟು ಸುಲಭವಾಗಿ ಅಳಿಸಿಹಾಕುವ ಸಾಲಗಳಲ್ಲಿ ಕಾರ್ಡ್ ಸಾಲ ಮುಂದೆ ನಿಲ್ಲುತ್ತದೆ. ಮಕ್ಕಳ ಜೀವನಾಂಶ ಹಾಗೇ ಉಳಿಯುತ್ತದೆ. ಇತ್ತೀಚಿನ ತೆರಿಗೆ ಬಾಕಿ, ಓದಿನ ಸಾಲ ಕೂಡ ಸಾಮಾನ್ಯವಾಗಿ ಉಳಿದುಬಿಡುತ್ತವೆ.

ಸಾಮಾನ್ಯ ಜನ ಬಳಸುವ ದಾರಿ ಎರಡು, ದಿವಾಳಿ ಕಾನೂನಿನ ಎರಡು ಅಧ್ಯಾಯಗಳ (ಚಾಪ್ಟರ್) ಹೆಸರಿನವು. ಚಾಪ್ಟರ್ 7ರಲ್ಲಿ ಕಾನೂನು ರಕ್ಷಿಸದ ಆಸ್ತಿ ಏನಾದರೂ ಇದ್ದರೆ ಪ್ರಕರಣ ನೋಡಿಕೊಳ್ಳಲು ನೇಮಕವಾದ ಟ್ರಸ್ಟಿ ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ, ಉಳಿದ ಸಾಲ ಅಳಿಸಿಹೋಗುತ್ತದೆ. ಹೆಚ್ಚಿನ ಪ್ರಕರಣಗಳಲ್ಲಿ ಮಾರಲು ಏನೂ ಸಿಗುವುದಿಲ್ಲ. ಅರ್ಜಿ ಹಾಕಿ ಸುಮಾರು ನಾಲ್ಕು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಚಾಪ್ಟರ್ 13ರಲ್ಲಿ ಆದಾಯಕ್ಕೆ ತಕ್ಕ ಹಾಗೆ ಮೂರರಿಂದ ಐದು ವರ್ಷ ಕಂತು ಕಟ್ಟಬೇಕು, ಕೊನೆಗೆ ಉಳಿದದ್ದು ಮನ್ನಾ. ಮನೆಯ ಕಂತು ಬಾಕಿ ಬಿದ್ದು ಮನೆ ಉಳಿಸಿಕೊಳ್ಳಬೇಕಾದವರಿಗೆ ಇದು ಹೆಚ್ಚು ಅನುಕೂಲ.

ಚಾಪ್ಟರ್ 7 ಯಾರಿಗೆ ಸಿಗುತ್ತದೆ ಎಂಬುದಕ್ಕೆ 2005ರ ತಿದ್ದುಪಡಿ ಒಂದು ಪರೀಕ್ಷೆ ಇಟ್ಟಿದೆ. ಅರ್ಜಿ ಹಾಕುವ ತಿಂಗಳಿಗೆ ಮುಂಚಿನ ಆರು ಪೂರ್ತಿ ತಿಂಗಳ ಆದಾಯದ ಸರಾಸರಿ ತೆಗೆದು, ನಿಮ್ಮ ರಾಜ್ಯದಲ್ಲಿ ಅಷ್ಟೇ ದೊಡ್ಡ ಕುಟುಂಬದ ನಡುಮಟ್ಟದ ಆದಾಯದ ಜೊತೆ ಹೋಲಿಸುತ್ತಾರೆ. ಕಡಿಮೆ ಇದ್ದರೆ ದಾರಿ ಸಲೀಸು. ಜಾಸ್ತಿ ಇದ್ದರೆ ಖರ್ಚುಗಳ ಇನ್ನೊಂದು ಉದ್ದ ಲೆಕ್ಕ ಶುರುವಾಗುತ್ತದೆ. ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ: ಯಾವ ತಿಂಗಳು ಅರ್ಜಿ ಹಾಕುತ್ತೀರಿ ಎಂಬುದೇ ಫಲಿತಾಂಶ ಬದಲಿಸಬಹುದು. ನಾಲ್ಕು ತಿಂಗಳ ಹಿಂದೆ ದೊಡ್ಡ ಬೋನಸ್ ಬಂದಿದ್ದರೆ, ಅದು ಲೆಕ್ಕದಿಂದ ಹೊರಗೆ ಬೀಳುವವರೆಗೆ ಕಾಯಿರಿ ಎಂದು ವಕೀಲರು ಹೇಳಬಹುದು.

ಕೈ ಹಾಕಬಾರದ ಹಣ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಳಿಸಿಹೋಗಬಹುದಾದ ಸಾಲ ತೀರಿಸಲು, ಯಾರೂ ಮುಟ್ಟಲಾಗದ ಹಣವನ್ನು ಖರ್ಚು ಮಾಡಬೇಡಿ.

ಕಂಪನಿಯ ಮೂಲಕ ಕೂಡಿಟ್ಟ 401ಕೆ ಎಂಬ ನಿವೃತ್ತಿ ಖಾತೆಯ ಹಣವನ್ನು ಕಾರ್ಡ್ ಬ್ಯಾಂಕುಗಳೂ ಟ್ರಸ್ಟಿಯೂ ಮುಟ್ಟುವ ಹಾಗಿಲ್ಲ. ಕಾನೂನೇ ಅದಕ್ಕೆ ಬೇಲಿ ಹಾಕಿದೆ. ಆದರೆ ನೀವೇ ತೆಗೆದು ಕಾರ್ಡಿಗೆ ಕಟ್ಟಿದರೆ ಏನಾಗುತ್ತದೆ? ಐವತ್ತೊಂಬತ್ತೂವರೆ ವಯಸ್ಸಿನ ಒಳಗಿದ್ದರೆ ಸಾಮಾನ್ಯವಾಗಿ ಶೇ. 10 ದಂಡ, ಮೇಲೆ ಆದಾಯ ತೆರಿಗೆ. ಆ ತೆರಿಗೆಯನ್ನು ಕಟ್ಟಲಾಗದಿದ್ದರೆ ಅದು ಹೊಸ ಸಾಲ, ಅದೂ ದಿವಾಳಿಯಲ್ಲಿ ಸುಲಭಕ್ಕೆ ಅಳಿಯದ ಸಾಲ. ಇಷ್ಟೆಲ್ಲ ಮಾಡಿಯೂ ಒಂದು ವರ್ಷದ ಮೇಲೆ ಅರ್ಜಿ ಹಾಕಲೇಬೇಕಾಗಿ ಬಂದರೆ, ಉಳಿಯಬೇಕಾಗಿದ್ದ ಹಣವೂ ಹೋಯಿತು, ಹೋಗಬೇಕಾಗಿದ್ದ ಸಾಲಕ್ಕೇ ಹೋಯಿತು. ಈ ತಪ್ಪು ಮಾಡಿದ ಮೇಲೆ ಸರಿಪಡಿಸಲು ದಾರಿಯೇ ಇಲ್ಲ. ನನಗೆ ಅತ್ಯಂತ ಸಂಕಟ ಅನಿಸುವುದು ಇದೇ.

ಮನೆಯ ಮೇಲೆ ಸಾಲ ಎತ್ತಿ ಕಾರ್ಡ್ ತೀರಿಸುವುದೂ ಅದೇ ಜಾತಿಯದು. ಬಡ್ಡಿ ಕಡಿಮೆ ಎಂದು ಮೇಲ್ನೋಟಕ್ಕೆ ಚೆನ್ನಾಗಿ ಕಾಣುತ್ತದೆ. ಆದರೆ ನಿನ್ನೆಯವರೆಗೆ ಅಡಮಾನವಿಲ್ಲದೆ ಇದ್ದ ಸಾಲಕ್ಕೆ ಇವತ್ತು ನಿಮ್ಮ ಮನೆಯನ್ನೇ ಒತ್ತೆ ಇಟ್ಟಿರಿ. ಕೆಲಸ ಹೋದರೆ, ಕಾಯಿಲೆ ಬಂದರೆ, ಮನೆಯೇ ಹೋಗುತ್ತದೆ. ಆದಾಯ ಗಟ್ಟಿಯಾಗಿದ್ದು, ಖರ್ಚು ಹಿಡಿತದಲ್ಲಿದ್ದವರಿಗೆ ಇದು ಉಪಯೋಗಕ್ಕೆ ಬರಬಹುದು. ಮುಳುಗುತ್ತಿರುವವರಿಗೆ ಖಂಡಿತ ಬೇಡ.

ಇನ್ನು ನಮ್ಮವರಲ್ಲಿ ಜಾಸ್ತಿ ಆಗುವುದು ನೆಂಟರ ಸಾಲದ ವಿಷಯ. ಭಾವ ಕಷ್ಟಕಾಲಕ್ಕೆ 5,000 ಡಾಲರ್ ಕೊಟ್ಟಿದ್ದಾರೆ. ಬ್ಯಾಂಕು ಹಾಳಾಗಿ ಹೋಗಲಿ, ಭಾವನ ಋಣ ಮೊದಲು ತೀರಲಿ ಎಂದು ಕೊಟ್ಟುಬಿಡುತ್ತೀರಿ. ಮನುಷ್ಯರಾದವರಿಗೆ ಹಾಗೆ ಅನಿಸುವುದು ಸಹಜ, ಅಲ್ವಾ? ಆದರೆ ದಿವಾಳಿ ಕಾನೂನು ಸಾಲ ಕೊಟ್ಟ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಅರ್ಜಿಗೆ ಮುಂಚಿನ ಒಂದು ವರ್ಷದೊಳಗೆ ಹತ್ತಿರದ ನೆಂಟರಿಗೆ ಹಿಂದಿನ ಸಾಲ ತೀರಿಸಿದ್ದರೆ, ಟ್ರಸ್ಟಿ ಆ ಹಣವನ್ನು ಭಾವನಿಂದಲೇ ವಾಪಸ್ ಕೇಳಬಹುದು, ಕೊಡದಿದ್ದರೆ ಕೋರ್ಟಿಗೆ ಎಳೆಯಬಹುದು. ಸಾಲ ಕೊಟ್ಟ ಬೇರೆಯವರ ವಿಷಯದಲ್ಲಿ ಈ ಅವಧಿ 90 ದಿನ. ಮನೆಖರ್ಚಿನ ಸಾಲಗಳಲ್ಲಿ ಒಬ್ಬರಿಗೆ ಕೊಟ್ಟದ್ದು ಒಟ್ಟು 600 ಡಾಲರಿಗಿಂತ ಕಡಿಮೆ ಇದ್ದರೆ ಕೇಳುವುದಿಲ್ಲ. ಭಾವನಿಗೆ ಕೊಡಲೇಬೇಕು ಅನಿಸಿದರೆ, ದಿವಾಳಿ ಪ್ರಕರಣ ಮುಗಿದ ಮೇಲೆ ನಿಮ್ಮ ಹೊಸ ದುಡಿಮೆಯಿಂದ ನಿಮ್ಮ ಇಷ್ಟದಂತೆ ಕೊಡಬಹುದು. ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ಭಾವನಿಗೆ ಇದನ್ನು ಮೊದಲೇ ಕೂರಿಸಿ ಹೇಳಿ.

ಕಾರನ್ನು ತಮ್ಮನ ಹೆಸರಿಗೆ ಬರೆಸುವುದು, ಉಳಿತಾಯವನ್ನು ಹೆಂಡತಿಯ ತಾಯಿಯ ಖಾತೆಗೆ ಹಾಕುವುದು ಇದಕ್ಕಿಂತ ಗಂಭೀರ. ಹಿಂದಿನ ಎರಡು ವರ್ಷದ ಇಂಥ ವರ್ಗಾವಣೆಗಳನ್ನು ಅರ್ಜಿಯಲ್ಲೇ ಕೇಳುತ್ತಾರೆ, ರಾಜ್ಯದ ಕಾನೂನುಗಳು ಇನ್ನೂ ಹಿಂದಕ್ಕೆ ಹೋಗಬಹುದು. ಬೇಕೆಂದೇ ಬಚ್ಚಿಟ್ಟರೆ ಸಾಲ ಮನ್ನಾವೇ ಸಿಗದೆ ಹೋಗಬಹುದು. ಆಸ್ತಿ ಮುಚ್ಚಿಡುವುದು ಐದು ವರ್ಷದವರೆಗೆ ಜೈಲು ಶಿಕ್ಷೆ ಇರುವ ಅಪರಾಧ.

ಊರಿನ ಆಸ್ತಿಯ ಮಾತು ಇಲ್ಲೇ ಬರುತ್ತದೆ. ಮೈಸೂರಿನ ಸೈಟು, ಅಪ್ಪನ ತೋಟದಲ್ಲಿ ಪಾಲು, ಬೆಂಗಳೂರಿನ ಬ್ಯಾಂಕಿನ ಠೇವಣಿ ಇವನ್ನು ಅಮೆರಿಕದ ಅರ್ಜಿಯಲ್ಲಿ ಹೇಳಬೇಕಾ ಎಂದರೆ, ಹೇಳಲೇಬೇಕು. ಆಸ್ತಿ ಎಲ್ಲೇ ಇರಲಿ, ಯಾರ ಕೈಯಲ್ಲೇ ಇರಲಿ, ಅದು ಲೆಕ್ಕಕ್ಕೆ ಸೇರುತ್ತದೆ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿಯದು ಇಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಬಿಟ್ಟರೆ, ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ. ಸೈಟು ಬೆಲೆಬಾಳುವಂಥದ್ದಾಗಿದ್ದರೆ ಚಾಪ್ಟರ್ 7 ನಿಮಗೆ ಸರಿಹೊಂದದೆ ಇರಬಹುದು. ವಕೀಲರ ಮೊದಲ ಭೇಟಿಯಲ್ಲೇ ಅದನ್ನು ಬಾಯಿಬಿಟ್ಟು ಹೇಳಿ.

ಕಾರ್ಡು ಉಜ್ಜುವುದನ್ನು ಯಾವಾಗ ನಿಲ್ಲಿಸಬೇಕು?

ಅರ್ಜಿಯ ಯೋಚನೆ ಬಂದ ದಿನವೇ. ಹೇಗೂ ಅಳಿಸಿಹೋಗುತ್ತದೆ, ಕೊನೆಯದಾಗಿ ಒಂದು ಟಿವಿ, ಊರಿಗೆ ಹೋಗಿಬರಲು ಟಿಕೆಟ್ಟು ತೆಗೆದುಕೊಂಡುಬಿಡೋಣ ಎನ್ನುವುದು ಕಾನೂನಿನ ದೃಷ್ಟಿಯಲ್ಲಿ ಮೋಸ. ಅರ್ಜಿಗೆ ಮುಂಚಿನ 90 ದಿನದಲ್ಲಿ ಒಂದೇ ಬ್ಯಾಂಕಿನ ಕಾರ್ಡಿನಲ್ಲಿ 900 ಡಾಲರಿಗಿಂತ ಜಾಸ್ತಿ ಐಷಾರಾಮಿ ಖರ್ಚು ಮಾಡಿದ್ದರೆ, ತೀರಿಸುವ ಉದ್ದೇಶ ಇರಲಿಲ್ಲ ಎಂದೇ ಕೋರ್ಟು ಮೊದಲಿಗೆ ಭಾವಿಸುತ್ತದೆ. 70 ದಿನದೊಳಗೆ ಕಾರ್ಡಿನಿಂದ ನಗದು ಎತ್ತಿದ್ದು 1,250 ಡಾಲರ್ ದಾಟಿದರೂ ಹಾಗೆಯೇ. ಈ ಮೊತ್ತಗಳು 2025ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ. ತೀರಿಸುವ ಉದ್ದೇಶ ಇತ್ತು ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಬ್ಯಾಂಕು ಅದಕ್ಕಾಗಿ ಪ್ರತ್ಯೇಕ ದಾವೆ ಹೂಡಬೇಕು, ಹೂಡಿ ಗೆದ್ದರೆ ಆ ಸಾಲ ನಿಮ್ಮ ತಲೆ ಮೇಲೆ ಉಳಿಯುತ್ತದೆ.

ಅಕ್ಕಿ, ಬೇಳೆ, ಔಷಧಿ, ಕೆಲಸಕ್ಕೆ ಹೋಗಲು ಪೆಟ್ರೋಲು ಇವು ಐಷಾರಾಮಿ ಅಲ್ಲ. ಆದರೂ ತೀರಿಸುವುದಿಲ್ಲ ಎಂದು ಗೊತ್ತಿದ್ದೇ ಉಜ್ಜಿದರೆ ಮೊತ್ತ ಎಷ್ಟಿದ್ದರೂ ಪ್ರಶ್ನೆ ಏಳಬಹುದು. ಒಂದು ಕಾರ್ಡಿನ ಸಾಲವನ್ನು ಹೊಸ ಕಾರ್ಡಿಗೆ ವರ್ಗಾಯಿಸುವುದೂ ಈ ಹೊತ್ತಿನಲ್ಲಿ ಬೇಡ, ಹೊಸ ಬ್ಯಾಂಕಿನ ಕಣ್ಣಿಗೆ ಅದು ತಾಜಾ ಸಾಲ. ಕೇಂದ್ರ ಸರ್ಕಾರದ ತೆರಿಗೆಯನ್ನು ಕಾರ್ಡಿನಲ್ಲಿ ಕಟ್ಟುವುದಂತೂ ಬೇಡವೇ ಬೇಡ. ಹಾಗೆ ಕಟ್ಟಿದ ಮೊತ್ತ ಚಾಪ್ಟರ್ 7ರಲ್ಲಿ ಅಳಿಯುವುದಿಲ್ಲ.

ಕಂತು ಕಟ್ಟುವುದನ್ನು ನಿಲ್ಲಿಸುವುದು ಬೇರೆಯೇ ಪ್ರಶ್ನೆ. ವಕೀಲರ ಜೊತೆ ಕೂತು ಅರ್ಜಿ ಖಚಿತ ಎಂದು ತೀರ್ಮಾನವಾದ ಮೇಲೆ, ಅಳಿಯಲಿರುವ ಕಾರ್ಡಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಆ ಹಣ ಬಾಡಿಗೆಗೆ, ಊಟಕ್ಕೆ, ವಕೀಲರ ಶುಲ್ಕಕ್ಕೆ ಬೇಕು. ಚಾಪ್ಟರ್ 7ರಲ್ಲಿ ಆ ಶುಲ್ಕವನ್ನು ಸಾಮಾನ್ಯವಾಗಿ ಅರ್ಜಿಗೆ ಮುಂಚೆಯೇ ಕೊಡಬೇಕು, ಅದಕ್ಕಾಗಿ ಹೊಸ ಸಾಲ ಮಾಡಿ ಎಂದು ವಕೀಲರು ಸಲಹೆ ಕೊಡುವ ಹಾಗಿಲ್ಲ. ತೀರ್ಮಾನ ಆಗುವ ಮುಂಚೆ ಸುಮ್ನೆ ನಿಲ್ಲಿಸಿದರೆ ಮಾತ್ರ ಕಷ್ಟ. ದಂಡ, ಏರಿದ ಬಡ್ಡಿ, ಆರು ತಿಂಗಳಿಗೆ ಬ್ಯಾಂಕು ಸಾಲವನ್ನು ನಷ್ಟದ ಲೆಕ್ಕಕ್ಕೆ ಬರೆಯುತ್ತದೆ. ನಷ್ಟಕ್ಕೆ ಬರೆದರೆ ನಿಮಗೆ ಮನ್ನಾ ಆದಂತಲ್ಲ, ಅದನ್ನು ವಸೂಲಿ ಕಂಪನಿಗೆ ಮಾರುವುದೂ ಉಂಟು.

ಆಟೋಪೇ ತೆಗೆದುಹಾಕಿ. ಸಾಲ ಇರುವ ಬ್ಯಾಂಕಿನಲ್ಲೇ ಸಂಬಳದ ಖಾತೆ ಇದ್ದರೆ, ಏನೂ ಸಾಲವಿಲ್ಲದ ಬೇರೆ ಬ್ಯಾಂಕಿಗೆ ಬದಲಾಯಿಸುವ ಬಗ್ಗೆ ವಕೀಲರನ್ನು ಕೇಳಿ. ಕ್ರೆಡಿಟ್ ಯೂನಿಯನ್ನುಗಳ (ಸದಸ್ಯರೇ ಒಡೆಯರಾಗಿರುವ ಸಹಕಾರಿ ಬ್ಯಾಂಕಿನಂಥವು) ವಿಷಯದಲ್ಲಿ ಇದು ಇನ್ನೂ ಮುಖ್ಯ. ಠೇವಣಿಯ ಮೇಲೆ ಹಕ್ಕು ಕೊಡುವ ಕಾಗದಕ್ಕೆ ನೀವೇ ಸಹಿ ಹಾಕಿರಬಹುದು.

ಫೋನು, ಸಮನ್ಸು, ಸೆಟಲ್‌ಮೆಂಟು

ವಸೂಲಿ ಕಂಪನಿಗಳಿಗೆ 1977ರ ಕಾನೂನಿನ ಕಡಿವಾಣ ಇದೆ. ಬೆಳಗ್ಗೆ 8ಕ್ಕೆ ಮುಂಚೆ, ರಾತ್ರಿ 9ರ ಮೇಲೆ ಫೋನು ಮಾಡುವಂತಿಲ್ಲ. ಜೈಲಿಗೆ ಹಾಕಿಸುತ್ತೇವೆ ಎಂದು ಹೆದರಿಸುವಂತಿಲ್ಲ. ಕಾರ್ಡ್ ಸಾಲ ಕಟ್ಟದಿದ್ದರೆ ಅಮೆರಿಕದಲ್ಲಿ ಜೈಲಿಲ್ಲ. ಸಂಪರ್ಕಿಸಬೇಡಿ ಎಂದು ಕಾಗದ ಬರೆದರೆ ಫೋನು ನಿಲ್ಲಿಸಬೇಕು. ಸಾಲ ನಿಜವಾ, ಎಷ್ಟು ಎಂದು 30 ದಿನದೊಳಗೆ ಬರಹದಲ್ಲಿ ಕೇಳಿದರೆ ಪುರಾವೆ ಕೊಡುವವರೆಗೆ ವಸೂಲಿ ತಡೆಯಬೇಕು. ತೀರಾ ಹಳೆಯ ಸಾಲಕ್ಕೆ ಸ್ವಲ್ಪ ಹಣ ಕಟ್ಟಿ ಎಂದು ಪುಸಲಾಯಿಸಿದರೆ ಎಚ್ಚರ. ದಾವೆ ಹೂಡುವ ಅವಧಿ ಮುಗಿದ ಸಾಲ ಅಷ್ಟರಿಂದಲೇ ಹಲವು ರಾಜ್ಯಗಳಲ್ಲಿ ಮತ್ತೆ ಜೀವ ಪಡೆಯಬಹುದು.

ಫೋನು ಕಡೆಗಣಿಸಬಹುದು, ಕೋರ್ಟಿನ ಸಮನ್ಸು ಬಂದರೆ ಕಡೆಗಣಿಸಬೇಡಿ. ಉತ್ತರ ಕೊಡದೆ ಕೂತರೆ ಬ್ಯಾಂಕು ತಾನಾಗಿ ಗೆಲ್ಲುತ್ತದೆ. ಆಮೇಲೆ ಸಂಬಳದಿಂದಲೇ ಹಣ ಹಿಡಿಯಬಹುದು, ಕೇಂದ್ರ ಕಾನೂನಿನ ಮಿತಿ ಕಡಿತಗಳ ನಂತರದ ಸಂಬಳದ ಶೇ. 25ರವರೆಗೆ. ಟೆಕ್ಸಾಸ್, ಪೆನ್ಸಿಲ್ವೇನಿಯಾದಂಥ ಕೆಲವು ರಾಜ್ಯಗಳು ಕಾರ್ಡ್ ಸಾಲಕ್ಕೆ ಸಂಬಳ ಹಿಡಿಯಲು ಬಿಡುವುದಿಲ್ಲ. ಸಮನ್ಸು ಬಂದ ದಿನವೇ ವಕೀಲರಿಗೆ ತೋರಿಸಿ, ಅರ್ಜಿಯ ದಿನಾಂಕವನ್ನು ಅದೇ ತೀರ್ಮಾನಿಸಬಹುದು.

ಅರ್ಧಕ್ಕೆ ಸೆಟಲ್ ಮಾಡಿಸುತ್ತೇವೆ ಎಂದು ಜಾಹೀರಾತು ಕೊಡುವ ಕಂಪನಿಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ಬ್ಯಾಂಕಿಗೆ ಕಟ್ಟಬೇಡಿ, ನಾವು ಹೇಳಿದ ಖಾತೆಗೆ ಹಾಕಿ ಎನ್ನುತ್ತಾರೆ. ಹಣ ಸೇರುವಷ್ಟರಲ್ಲಿ ಯಾವುದೋ ಒಂದು ಬ್ಯಾಂಕು ಮೊಕದ್ದಮೆ ಹೂಡಿರುತ್ತದೆ. ಫೋನಿನಲ್ಲಿ ಗಿರಾಕಿ ಹಿಡಿಯುವ ಇಂಥ ಕಂಪನಿಗಳು ಒಂದಾದರೂ ಸಾಲ ಸೆಟಲ್ ಆಗುವ ಮುಂಚೆ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂಬ ನಿಯಮ 2010ರಿಂದ ಇದೆ. ಮುಂಗಡ ಕೇಳಿದರೆ ಅಲ್ಲಿಗೇ ಮಾತು ಮುಗಿಸಿ. ಜೊತೆಗೆ ಸೆಟಲ್‌ಮೆಂಟಿನಲ್ಲಿ ಮನ್ನಾ ಆದ ಮೊತ್ತ ಸಾಮಾನ್ಯವಾಗಿ ನಿಮ್ಮ ಆದಾಯ ಎಂದೇ ಲೆಕ್ಕ. 600 ಡಾಲರ್ ಅಥವಾ ಜಾಸ್ತಿ ಬಿಟ್ಟುಕೊಟ್ಟ ಬ್ಯಾಂಕು 1099-ಸಿ ಎಂಬ ಫಾರ್ಮನ್ನು ತೆರಿಗೆ ಇಲಾಖೆಗೂ ನಿಮಗೂ ಕಳಿಸುತ್ತದೆ. ಆಸ್ತಿಗಿಂತ ಸಾಲ ಜಾಸ್ತಿ ಇದ್ದವರು ಬೇರೆ ಫಾರ್ಮು ತುಂಬಿ ವಿನಾಯಿತಿ ಪಡೆಯಬಹುದು. ದಿವಾಳಿಯಲ್ಲಿ ಅಳಿದ ಸಾಲಕ್ಕೆ ಈ ತೆರಿಗೆಯೇ ಇಲ್ಲ.

ಅರ್ಜಿಯ ಹೊಸ್ತಿಲಲ್ಲಿ

ಅರ್ಜಿಗೆ ಮುಂಚಿನ 180 ದಿನದೊಳಗೆ ಮಾನ್ಯತೆ ಪಡೆದ ಸಂಸ್ಥೆಯಿಂದ ಕ್ರೆಡಿಟ್ ಕೌನ್ಸೆಲಿಂಗ್ ಪಡೆದ ಪ್ರಮಾಣಪತ್ರ ಬೇಕು. ಫೋನಿನಲ್ಲಿ ಅಥವಾ ಇಂಟರ್ನೆಟ್ಟಿನಲ್ಲಿ ಮುಗಿಯುವ ಕೆಲಸ. ಚಾಪ್ಟರ್ 7ರ ಕೋರ್ಟು ಶುಲ್ಕ 338 ಡಾಲರ್, ಚಾಪ್ಟರ್ 13ರದು 313. ಕಂತಿನಲ್ಲಿ ಕಟ್ಟಬಹುದು. ತೀರಾ ಕಡಿಮೆ ಆದಾಯದವರು ಚಾಪ್ಟರ್ 7ರಲ್ಲಿ ಮಾಫಿ ಕೇಳಬಹುದು. ಸಂಬಳದ ಚೀಟಿಗಳು, ತೆರಿಗೆ ರಿಟರ್ನು, ಬ್ಯಾಂಕ್ ಸ್ಟೇಟ್‌ಮೆಂಟು, ಪ್ರತಿ ಕಾರ್ಡಿನ ಕೊನೆಯ ಬಿಲ್ಲು ಒಂದು ಫೈಲಿನಲ್ಲಿ ಜೋಡಿಸಿಟ್ಟುಕೊಳ್ಳಿ. ಒಂದು ಕಾರ್ಡನ್ನು ಮಾತ್ರ ಉಳಿಸಿಕೊಳ್ಳೋಣ ಎಂದು ಅದರ ಸಾಲವನ್ನು ಪಟ್ಟಿಯಿಂದ ಬಿಡುವ ಹಾಗಿಲ್ಲ. ಎಲ್ಲ ಸಾಲವನ್ನೂ ಬರೆಯಲೇಬೇಕು. ನಿಮ್ಮ ಸಾಲಕ್ಕೆ ಜೊತೆ ಸಹಿ ಹಾಕಿದವರಿದ್ದರೆ, ಚಾಪ್ಟರ್ 7ರ ನಂತರವೂ ಬ್ಯಾಂಕು ಅವರ ಬೆನ್ನು ಹತ್ತಬಹುದು. ಅದನ್ನು ಅವರಿಗೆ ಮೊದಲೇ ತಿಳಿಸುವುದು ನ್ಯಾಯ.

ವೀಸಾದಲ್ಲಿ ಇರುವವರು ಅರ್ಜಿ ಹಾಕಬಹುದಾ? ಹಾಕಬಹುದು. ಅಮೆರಿಕದಲ್ಲಿ ವಾಸ, ವ್ಯಾಪಾರ ಅಥವಾ ಆಸ್ತಿ ಇದ್ದರೆ ಸಾಕು, ಪೌರತ್ವ ಬೇಕಿಲ್ಲ. ಪ್ರಾಮಾಣಿಕವಾಗಿ ಹಾಕಿದ ಅರ್ಜಿ ಅಪರಾಧವೂ ಅಲ್ಲ. ಗ್ರೀನ್ ಕಾರ್ಡ್ ಪ್ರಕ್ರಿಯೆ ನಡೆಯುತ್ತಿದ್ದರೆ ವಲಸೆ ವಕೀಲರನ್ನೂ ಒಂದು ಮಾತು ಕೇಳಿ. ಈಗಿರುವ ಕೆಲಸದಿಂದ ಕೇವಲ ದಿವಾಳಿಯ ಕಾರಣಕ್ಕೆ ತೆಗೆದುಹಾಕುವಂತಿಲ್ಲ.

ಅರ್ಜಿ ದಾಖಲಾದ ಕ್ಷಣದಿಂದ ವಸೂಲಿಗೆ ತಡೆ ಬೀಳುತ್ತದೆ. ಕಾರ್ಡ್ ಸಾಲದ ಫೋನು, ಮೊಕದ್ದಮೆ, ಸಂಬಳ ಹಿಡಿಯುವುದು ಎಲ್ಲ ನಿಲ್ಲಬೇಕು. ಕೆಲವು ವಾರಗಳಲ್ಲಿ ಟ್ರಸ್ಟಿಯ ಮುಂದೆ ಒಂದು ಸಭೆ. ಈಗ ಹೆಚ್ಚಾಗಿ ಜೂಮ್‌ನಲ್ಲೇ ನಡೆಯುತ್ತದೆ. ನ್ಯಾಯಾಧೀಶರು ಇರುವುದಿಲ್ಲ. ಗುರುತಿನ ಚೀಟಿ ತೋರಿಸಿ ಪ್ರಮಾಣ ಮಾಡುತ್ತೀರಿ. ಕಾಗದಗಳನ್ನು ಓದಿ ಸಹಿ ಹಾಕಿದಿರಾ, ಎಲ್ಲ ಆಸ್ತಿ, ಎಲ್ಲ ಸಾಲ ಬರೆದಿದ್ದೀರಾ, ನೆಂಟರಿಗೆ ಏನಾದರೂ ಕೊಟ್ಟಿದ್ದೀರಾ, ಯಾರ ಹೆಸರಿಗಾದರೂ ಏನಾದರೂ ಮಾಡಿದ್ದೀರಾ ಎಂದು ಕೇಳುತ್ತಾರೆ. ಹಿಂದಿನ ತಿಂಗಳುಗಳಲ್ಲಿ ಎಡವಟ್ಟು ಮಾಡಿಕೊಳ್ಳದವರಿಗೆ ಸಾಮಾನ್ಯವಾಗಿ ಕೆಲವೇ ನಿಮಿಷಗಳ ಮಾತು. ಬ್ಯಾಂಕುಗಳಿಂದ ಯಾರೂ ಬರದೇ ಇರುವುದೇ ಹೆಚ್ಚು.

ಇದಾದ ಮೇಲೆ ಹಣ ನಿಭಾಯಿಸುವ ಬಗ್ಗೆ ಇನ್ನೊಂದು ಚಿಕ್ಕ ಕೋರ್ಸು ಮುಗಿಸಬೇಕು, ಮರೆತರೆ ಮನ್ನಾ ಆದೇಶ ಸಿಗುವುದಿಲ್ಲ. ಚಾಪ್ಟರ್ 7ರ ದಾಖಲೆ ಕ್ರೆಡಿಟ್ ವರದಿಯಲ್ಲಿ 10 ವರ್ಷದವರೆಗೆ ಇರುತ್ತದೆ. ಇನ್ನೊಂದು ಸಲ ಚಾಪ್ಟರ್ 7ರ ಮನ್ನಾ ಬೇಕೆಂದರೆ ಎರಡು ಅರ್ಜಿಗಳ ನಡುವೆ 8 ವರ್ಷ ಕಳೆದಿರಬೇಕು. ಮನ್ನಾ ಆದೇಶದ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಳಿದುಹೋದ ಸಾಲವನ್ನು ಯಾರೋ ಕೊಂಡುಕೊಂಡು ಮೂರು ವರ್ಷದ ಮೇಲೆ ಫೋನು ಮಾಡುವುದುಂಟು. ಪ್ರಕರಣದ ಸಂಖ್ಯೆ ಹೇಳಿ, ಆದೇಶದ ಪ್ರತಿ ಕಳಿಸಿ. ಆಮೇಲೂ ಹಣ ಕೇಳಿದರೆ ಅದು ಕೋರ್ಟಿನ ಆದೇಶ ಮೀರಿದಂತೆ, ನಿಮ್ಮ ವಕೀಲರು ಅದೇ ಕೋರ್ಟಿಗೆ ದೂರು ಕೊಡಬಹುದು.